ಮೂರು ದಿನದ ಬುತ್ತಿ

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ.

ಒಬ್ಬ ಪ್ರಯಾಣಿಕ ಇದ್ದಾನೆ. ಅವನದು ಸುಮಾರು ಒಂದು ವಾರದ ದಾರಿ. ಹೊರಡುವಾಗ ಅಮ್ಮ ಬುತ್ತಿ ಕಟ್ಟಿಕೊಟ್ಟಿದ್ದಾಳೆ. ಆದರೆ ಆ ಬುತ್ತಿ ಬರುವುದು ಮೂರು ದಿನಕ್ಕೆ ಮಾತ್ರ. ಮೂರನೆಯ ದಿನ ಅವನು ತಾನೇ ಒಲೆ ಹೊತ್ತಿಸಿ ಅಡುಗೆ ಶುರು ಮಾಡಬೇಕು. ಮಾಡಿದರೆ ಊರು ಸೇರುತ್ತಾನೆ. ಇಲ್ಲದಿದ್ದರೆ ದಾರಿಯಲ್ಲೇ ನಿಂತುಬಿಡುತ್ತಾನೆ. ಯಾರು ಈ ಪ್ರಯಾಣಿಕ?

ಅಜ್ಜನನ್ನು ಕೇಳಿ, ಅಜ್ಜಿಯನ್ನು ಕೇಳಿ. ಯಾರಿಗೂ ಹೊಳೆಯಲಿಲ್ಲವೇ? ಉತ್ತರ ಹೇಳುತ್ತೇನೆ: ನೀವೇ! ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಇದನ್ನು ಓದುತ್ತಿರುವ ಅಜ್ಜನೂ ಹೌದು, ಎಲೆ ಅಡಿಕೆ ಮೆಲ್ಲುತ್ತಾ ಕೇಳುತ್ತಿರುವ ಅಜ್ಜಿಯೂ ಹೌದು. ಭೂಮಿಯ ಮೇಲಿರುವ ಪ್ರತಿಯೊಬ್ಬರೂ ಹುಟ್ಟುವುದಕ್ಕೆ ಸುಮಾರು ಒಂಬತ್ತು ತಿಂಗಳು ಮೊದಲು ಈ ಪ್ರಯಾಣ ಮಾಡಿ ಗೆದ್ದವರೇ. ಯಾರಿಗೂ ನೆನಪಿಲ್ಲ, ಅಷ್ಟೆ.

ಚುಕ್ಕೆಯಿಂದ ಹಿಪ್ಪುನೇರಳೆಗೆ

ತಾಯಿಯ ಅಂಡಾಣು, ತಂದೆಯ ವೀರ್ಯಾಣು ಒಂದಾದಾಗ ಹೊಸ ಜೀವದ ಮೊದಲ ಕೋಶ ಆಗುತ್ತದೆ. ಮೇಲಿನ ತರಗತಿಯವರು ಇದನ್ನು ಪಾಠದಲ್ಲಿ ಓದಿರುತ್ತೀರಿ. ಆ ಕೋಶ ಎಷ್ಟು ದೊಡ್ಡದು ಗೊತ್ತೇ? ನಿಮ್ಮ ಸ್ಕೇಲಿನಲ್ಲಿ ಒಂದು ಮಿಲಿಮೀಟರಿನ ಗೆರೆ ನೋಡಿ. ಅದನ್ನು ಹತ್ತು ಪಾಲು ಮಾಡಿದರೆ ಅದರಲ್ಲಿ ಸುಮಾರು ಒಂದು ಪಾಲು. ಚೂಪಾದ ಪೆನ್ಸಿಲಿನಿಂದ ಇಟ್ಟ ಚುಕ್ಕೆಗಿಂತಲೂ ಚಿಕ್ಕದು.

ಒಂದು ದಿನ ಕಳೆದು ಸ್ವಲ್ಪ ಹೊತ್ತಿಗೆ ಈ ಕೋಶ ಒಡೆದು ಎರಡಾಗುತ್ತದೆ. ಎರಡನೆಯ ದಿನ ನಾಲ್ಕು. ಮೂರನೆಯ ದಿನ ಎಂಟು. ಆದರೆ ಒಟ್ಟು ಗಾತ್ರ ಮಾತ್ರ ಹೆಚ್ಚುವುದಿಲ್ಲ. ತಟ್ಟೆಯಲ್ಲಿರುವ ಮೈಸೂರು ಪಾಕನ್ನು ಅಜ್ಜಿ ಕತ್ತರಿಸುವುದನ್ನು ನೆನೆಸಿಕೊಳ್ಳಿ. ತಟ್ಟೆ ಅಷ್ಟೇ, ತುಂಡು ಹೆಚ್ಚು, ಒಂದೊಂದು ತುಂಡೂ ಮೊದಲಿಗಿಂತ ಚಿಕ್ಕದು. ಇದೂ ಹಾಗೆಯೇ.

ನಾಲ್ಕನೆಯ ದಿನ ಕೋಶಗಳು ಒತ್ತೊತ್ತಾಗಿ ಅಂಟಿಕೊಂಡು ಹಿಪ್ಪುನೇರಳೆ ಹಣ್ಣಿನಂತೆ ಕಾಣುತ್ತವೆ. ರೇಷ್ಮೆ ಬೆಳೆಯುವ ಊರಿನ ಮಕ್ಕಳಿಗೆ ಈ ಹಣ್ಣಿನ ಪರಿಚಯ ಚೆನ್ನಾಗಿ ಇರುತ್ತದೆ. ವಿಜ್ಞಾನಿಗಳಿಗೂ ಹಾಗೆಯೇ ಕಂಡಿತು. ಲ್ಯಾಟಿನ್ ಭಾಷೆಯಲ್ಲಿ ಹಿಪ್ಪುನೇರಳೆಗೆ ಇರುವ ಹೆಸರಿನಿಂದಲೇ ಇದಕ್ಕೆ 'ಮೊರುಲಾ' ಎಂದು ಹೆಸರಿಟ್ಟರು. ಐದನೆಯ ದಿನಕ್ಕೆ ಅದು ಒಳಗೆ ದ್ರವ ತುಂಬಿದ ಪುಟ್ಟ ಚೆಂಡಾಗುತ್ತದೆ. ಆಗ ಅದರಲ್ಲಿ ಸುಮಾರು ನೂರು ಕೋಶಗಳು. ಹೊರಗಿನ ಸುತ್ತಿನ ಕೋಶಗಳಿಂದ ಮುಂದೆ ಮಾಸು ಆಗುತ್ತದೆ. ಒಳಗೆ ಒಂದು ಕಡೆ ಗುಂಪುಗೂಡಿರುವ ಕೋಶಗಳಿಂದ ಮಗು ಆಗುತ್ತದೆ. ಆರನೆಯ, ಏಳನೆಯ ದಿನದ ಹೊತ್ತಿಗೆ ಈ ಚೆಂಡು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ಶುರು ಮಾಡುತ್ತದೆ. ನಮ್ಮ ಪ್ರಯಾಣಿಕ ಸೇರಬೇಕಾದ ಊರು ಅದೇ.

ಬುತ್ತಿಯಲ್ಲಿ ಏನಿತ್ತು?

ಈಗ ಬುತ್ತಿಯ ಗಂಟು ಬಿಚ್ಚೋಣ. ಅದಕ್ಕೆ ಮೊದಲು ಒಂದು ಅಡುಗೆ ಪುಸ್ತಕದ ಕತೆ ಹೇಳಬೇಕು.

ನಮ್ಮ ಪ್ರತಿಯೊಂದು ಜೀವಕೋಶದ ನಡುವೆ ಡಿಎನ್‌ಎ ಎಂಬ ಉದ್ದನೆಯ ದಾರ ಇದೆ. ಅದನ್ನು ದೊಡ್ಡ ಅಡುಗೆ ಪುಸ್ತಕ ಎಂದುಕೊಳ್ಳಿ. ಅದರಲ್ಲಿ 46 ಸಂಪುಟಗಳು. 23 ಅಮ್ಮನಿಂದ ಬಂದವು, 23 ಅಪ್ಪನಿಂದ ಬಂದವು. ಈ ಸಂಪುಟಗಳಿಗೆ ಕ್ರೋಮೋಸೋಮ್, ಅಂದರೆ ವರ್ಣತಂತು ಎಂದು ಹೆಸರು. ಪುಸ್ತಕದಲ್ಲಿ ಪ್ರೋಟೀನ್ ತಯಾರಿಸುವ ಸುಮಾರು 20,000 ಅಡುಗೆಗಳ ವಿಧಾನ ಬರೆದಿದೆ. ಒಂದೊಂದು ವಿಧಾನವೂ ಒಂದು ಜೀನ್.

ಅಜ್ಜಿಯ ಹಳೆಯ ಅಡುಗೆ ಪುಸ್ತಕವನ್ನು ಯಾರಾದರೂ ಒಲೆಯ ಪಕ್ಕ ತೆಗೆದುಕೊಂಡು ಹೋಗುತ್ತಾರೆಯೇ? ಎಣ್ಣೆ ಸಿಡಿದರೆ ಹಾಳಾಗುತ್ತದೆ. ಅದು ಬೀರುವಿನಲ್ಲೇ ಇರಲಿ ಎಂದು, ಬೇಕಾದ ಅಡುಗೆಯನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಂಡು ಅಡುಗೆಮನೆಗೆ ಹೋಗುತ್ತೇವೆ. ಕೋಶವೂ ಹೀಗೆಯೇ ಮಾಡುತ್ತದೆ. ಡಿಎನ್‌ಎ ತನ್ನ ಕೋಣೆಯಲ್ಲೇ ಇರುತ್ತದೆ. ಬೇಕಾದ ಜೀನಿನ ನಕಲು ಮಾತ್ರ ಚೀಟಿಯಾಗಿ ಹೊರಗೆ ಬರುತ್ತದೆ. ಆ ಚೀಟಿಯ ಹೆಸರು ಆರ್‌ಎನ್‌ಎ. ಚೀಟಿ ನೋಡಿ ಕೋಶ ಪ್ರೋಟೀನ್ ತಯಾರಿಸುತ್ತದೆ. ಒಂದು ಜೀನಿನ ಚೀಟಿ ಬರೆದು, ಅದರಂತೆ ಅಡುಗೆ ಆಯಿತು ಎಂದರೆ ಆ ಜೀನ್ 'ವ್ಯಕ್ತವಾಯಿತು' ಎನ್ನುತ್ತಾರೆ. ಕಣ್ಣಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಪುಸ್ತಕ ಒಂದೇ. ಚೀಟಿಗಳು ಬೇರೆ ಬೇರೆ. ಆದ್ದರಿಂದಲೇ ಕಣ್ಣು ಕಣ್ಣಾಗಿದೆ, ಯಕೃತ್ತು ಯಕೃತ್ತಾಗಿದೆ.

ಹೊಸದಾಗಿ ಆದ ಆ ಮೊದಲ ಕೋಶಕ್ಕೂ ತನ್ನದೇ ಪೂರ್ತಿ ಪುಸ್ತಕ ಇರುತ್ತದೆ. ಆದರೆ ಅದು ಪುಸ್ತಕವನ್ನು ಕೂಡಲೇ ತೆರೆಯುವುದಿಲ್ಲ! ಎರಡು ಕಡೆಯಿಂದ ಬಂದ ಸಂಪುಟಗಳನ್ನು ಜೋಡಿಸಬೇಕು, ಬಿಗಿಯಾಗಿ ಕಟ್ಟಿದ ಗಂಟುಗಳನ್ನು ಸಡಿಲಿಸಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲುವ ಹಾಗಿಲ್ಲವಲ್ಲ? ಅದಕ್ಕೇ ಅಮ್ಮನ ಬುತ್ತಿ. ಅಂಡಾಣು ಅಮ್ಮನ ಮೈಯಲ್ಲಿ ಬಲಿಯುತ್ತಿದ್ದಾಗಲೇ ಸಾವಿರಾರು ಬಗೆಯ ಚೀಟಿಗಳನ್ನೂ, ಮಾಡಿಟ್ಟ ಪ್ರೋಟೀನ್‌ಗಳನ್ನೂ ತುಂಬಿಕೊಂಡಿರುತ್ತದೆ. ಮೊದಲ ಎರಡು ಮೂರು ದಿನದ ಕೆಲಸವೆಲ್ಲ ಬಹುಪಾಲು ಆ ಚೀಟಿಗಳ ಮೇಲೆಯೇ ನಡೆಯುತ್ತದೆ. ದಾರಿಯಲ್ಲಿ ಸುತ್ತಲಿನ ದ್ರವದಿಂದ ಭ್ರೂಣಕ್ಕೆ ಸ್ವಲ್ಪ ಆಹಾರ ಸಿಗುತ್ತದೆ, ನಿಜ. ಆದರೆ ಚೀಟಿ ಹೊರಗಿನಿಂದ ಸಿಗುವುದಿಲ್ಲ.

ಚೀಟಿ ಎಂದರೆ ಚೀಟಿಯೇ. ಬಹಳ ಕಾಲ ಬಾಳುವುದಿಲ್ಲ. ದಿನ ಕಳೆದಂತೆ ಅಮ್ಮನ ಚೀಟಿಗಳು ಒಂದೊಂದಾಗಿ ಹರಿದುಹೋಗುತ್ತವೆ. ಹರಿಯಲೇಬೇಕು ಕೂಡ. ಹಳೆಯ ಚೀಟಿ ಹಾಗೇ ಉಳಿದರೆ ಹೊಸ ಅಡುಗೆಗೆ ಅಡ್ಡಿ. ಮೂರನೆಯ ದಿನ, ನಾಲ್ಕು ಕೋಶ ಎಂಟಾಗುವ ಹೊತ್ತಿಗೆ, ಭ್ರೂಣ ತನ್ನದೇ ಪುಸ್ತಕವನ್ನು ದೊಡ್ಡದಾಗಿ ತೆರೆಯುತ್ತದೆ. ಅದೇ ಒಲೆ ಹೊತ್ತುವ ಗಳಿಗೆ.

ಅಣಬೆಯ ವಿಷ ಬಿಡಿಸಿದ ಗುಟ್ಟು

ಇಷ್ಟು ಚಿಕ್ಕ ಜೀವದ ಒಳಗೆ ಒಲೆ ಯಾವಾಗ ಹೊತ್ತುತ್ತದೆ ಎಂದು ಕಂಡುಹಿಡಿದದ್ದು ಹೇಗೆ? ಇದರಲ್ಲಿ ಒಂದು ವಿಷದ ಅಣಬೆಯ ಪಾತ್ರ ಇದೆ.

ಮೊದಲು ಭ್ರೂಣವನ್ನು ಗರ್ಭದ ಹೊರಗೆ ನೋಡಲು ಸಾಧ್ಯವಾಗಬೇಕಿತ್ತು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ, ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ನರ್ಸ್ ಜೀನ್ ಪರ್ಡಿ, ಈ ಮೂವರು ವರ್ಷಗಟ್ಟಲೆ ಶ್ರಮಪಟ್ಟರು. ಎಂಟು ಕೋಶಗಳ ಹಂತಕ್ಕೆ ಬಂದಿದ್ದ ಒಂದು ಭ್ರೂಣವನ್ನು ತಾಯಿಯ ಗರ್ಭಕೋಶದಲ್ಲಿ ಇಟ್ಟರು. ಅದೇ 1978ರ ಜುಲೈ 25ರಂದು ಓಲ್ಡಮ್ ಎಂಬ ಊರಿನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್, ಜಗತ್ತಿನ ಮೊದಲ ಪ್ರನಾಳ ಶಿಶು. ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಬಹುಮಾನ ಬಂತು. ಉಳಿದ ಇಬ್ಬರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ನಮ್ಮ ದೇಶದ ಕತೆಯೂ ಇದೆ. ಅದೇ 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಪ್ರಯತ್ನದಿಂದ 'ದುರ್ಗಾ' ಎಂಬ ಹೆಸರಿನಿಂದ ಪ್ರಸಿದ್ಧಳಾದ ಮಗು ಹುಟ್ಟಿತು. ಆಗ ಅವರ ಮಾತನ್ನು ಅಧಿಕಾರಿಗಳು ನಂಬಲಿಲ್ಲ. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಗುವನ್ನೇ ಭಾರತದ ಮೊದಲ ಪ್ರನಾಳ ಶಿಶು ಎಂದು ಎಲ್ಲರೂ ಕರೆದರು. ಆ ಕೆಲಸದಲ್ಲಿದ್ದ ವಿಜ್ಞಾನಿ ಡಾ. ಟಿ. ಸಿ. ಆನಂದ ಕುಮಾರ್ ಮುಂದೆ ಮುಖ್ಯೋಪಾಧ್ಯಾಯರ ಹಳೆಯ ಟಿಪ್ಪಣಿಗಳನ್ನು ಓದಿದರು. 'ಮೊದಲನೆಯವರು ನಾವಲ್ಲ, ಅವರು' ಎಂದು 1997ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ತನ್ನ ತಲೆಯ ಮೇಲಿದ್ದ ಪೇಟವನ್ನು ತೆಗೆದು ಇನ್ನೊಬ್ಬರಿಗೆ ತೊಡಿಸುವುದು ಸುಲಭದ ಮಾತೇ?

ಈಗ ಅಣಬೆಗೆ ಬರೋಣ. ಯೂರೋಪಿನ ಕಾಡುಗಳಲ್ಲಿ 'ಡೆತ್ ಕ್ಯಾಪ್', ಅಂದರೆ ಸಾವಿನ ಟೋಪಿ ಎಂಬ ಅಣಬೆ ಬೆಳೆಯುತ್ತದೆ. ಅದರಲ್ಲಿ ಆಲ್ಫಾ ಅಮಾನಿಟಿನ್ ಎಂಬ ವಿಷ ಇದೆ. ಈ ವಿಷ ಮಾಡುವ ಕೆಲಸ ಒಂದೇ: ಪುಸ್ತಕ ನೋಡಿ ಚೀಟಿ ಬರೆಯುವ ಕೈಯನ್ನು ಕಟ್ಟಿಹಾಕುವುದು. ಹೊಸ ಚೀಟಿ ಇಲ್ಲದೆ ಯಕೃತ್ತಿನ ಕೋಶಗಳು ಸಾಯುತ್ತವೆ. ತಿಂದವರ ಪ್ರಾಣಕ್ಕೇ ಅಪಾಯ. ನಮ್ಮ ಕಡೆಯ ಮಕ್ಕಳೂ ನೆನಪಿಡಿ: ಮಳೆಗಾಲದಲ್ಲಿ ಕಂಡ ಕಂಡ ಅಣಬೆ ಕಿತ್ತು ಬಾಯಿಗೆ ಹಾಕಬಾರದು.

ಪೀಟರ್ ಬ್ರೌಡ್, ವರ್ಜೀನಿಯಾ ಬೋಲ್ಟನ್, ಸ್ಟೀಫನ್ ಮೂರ್ ಎಂಬ ವಿಜ್ಞಾನಿಗಳು ಈ ವಿಷವನ್ನೇ ಬುದ್ಧಿವಂತಿಕೆಯಿಂದ ಬಳಸಿಕೊಂಡರು. ಭ್ರೂಣಗಳಿರುವ ದ್ರವಕ್ಕೆ ಅದನ್ನು ಹಾಕಿದರು. ಅವರ ಯೋಚನೆ ಹೀಗಿತ್ತು: ಭ್ರೂಣ ಮೊದಲ ದಿನದಿಂದಲೇ ತನ್ನ ಚೀಟಿ ತಾನೇ ಬರೆಯುತ್ತಿದ್ದರೆ, ವಿಷ ಬಿದ್ದ ಕೂಡಲೇ ನಿಲ್ಲಬೇಕು. ಅಮ್ಮನ ಚೀಟಿಯ ಮೇಲೆ ನಡೆಯುತ್ತಿದ್ದರೆ, ಬುತ್ತಿ ಮುಗಿಯುವವರೆಗೂ ನಡೆಯಬೇಕು. ಆದದ್ದು ಏನು? ಒಂದು ಎರಡಾಯಿತು, ಎರಡು ನಾಲ್ಕಾಯಿತು. ವಿಷಕ್ಕೆ ಲಕ್ಷ್ಯವೇ ಇಲ್ಲ! ನಾಲ್ಕರ ನಂತರ ಮಾತ್ರ ವಿಷದ ತಡೆ ತಗುಲಿತು. ವಿಷ ಇಲ್ಲದ ಭ್ರೂಣಗಳಲ್ಲಿ ನಾಲ್ಕರಿಂದ ಎಂಟಕ್ಕೆ ಹೋಗುವಾಗ ಹೊಸ ಪ್ರೋಟೀನ್‌ಗಳು ಕಾಣಿಸಿಕೊಂಡವು. ವಿಷ ಇದ್ದಲ್ಲಿ ಅವು ಬರಲಿಲ್ಲ. ಮನುಷ್ಯನ ಭ್ರೂಣ ತನ್ನ ಪುಸ್ತಕ ತೆರೆಯುವುದು ನಾಲ್ಕು ಮತ್ತು ಎಂಟು ಕೋಶಗಳ ನಡುವೆ ಎಂದು 1988ರಲ್ಲಿ ಅವರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಈಚಿನ ಸೂಕ್ಷ್ಮ ಪರೀಕ್ಷೆಗಳಲ್ಲಿ ಕೆಲವು ಜೀನ್‌ಗಳು ಇನ್ನೂ ಮುಂಚೆಯೇ ಮೆಲ್ಲಗೆ ಮಿಸುಕಾಡುವುದು ಕಂಡಿದೆ. ಆದರೂ ದೊಡ್ಡ ಎಚ್ಚರ ಆಗುವುದು ಮೂರನೆಯ ದಿನವೇ.

ಎಲ್ಲ ಪ್ರಾಣಿಗಳಿಗೂ ಬುತ್ತಿ ಇದೆ, ಅಳತೆ ಬೇರೆ ಬೇರೆ. ಇಲಿಮರಿಯ ಭ್ರೂಣ ಎರಡು ಕೋಶ ಆದಾಗಲೇ ಒಲೆ ಹೊತ್ತಿಸುತ್ತದೆ. ಹಸುವಿನದು ಎಂಟರಿಂದ ಹದಿನಾರರ ಹೊತ್ತಿಗೆ. ವಿಜ್ಞಾನಿಗಳು ಸಾಕುವ ಆಫ್ರಿಕಾದ ಒಂದು ಕಪ್ಪೆಯದು ಸುಮಾರು ನಾಲ್ಕು ಸಾವಿರ ಕೋಶ ಆಗುವವರೆಗೂ ಅಮ್ಮನ ಬುತ್ತಿಯನ್ನೇ ತಿನ್ನುತ್ತದೆ! ಒಂದನ್ನು ಎರಡು ಮಾಡುತ್ತಾ ಹೋದರೆ ನಾಲ್ಕು ಸಾವಿರ ದಾಟಲು ಎಷ್ಟು ಸಲ ಒಡೆಯಬೇಕು? ಲೆಕ್ಕ ಮಾಡಿ ನೋಡಿ. ಉತ್ತರ ಕೊನೆಯಲ್ಲಿದೆ.

ಒಲೆ ಹೊತ್ತದಿದ್ದರೆ?

ಪ್ರಯೋಗಾಲಯದಲ್ಲಿ ಎಷ್ಟೇ ಜೋಪಾನ ಮಾಡಿದರೂ ಎಲ್ಲ ಭ್ರೂಣಗಳೂ ಐದನೆಯ, ಆರನೆಯ ದಿನದ ಚೆಂಡಿನ ಹಂತ ಮುಟ್ಟುವುದಿಲ್ಲ. ಮುಟ್ಟುವುದು ಸುಮಾರು ಅರ್ಧ ಮಾತ್ರ. ಉಳಿದವು ನಡುದಾರಿಯಲ್ಲಿ ನಿಲ್ಲುತ್ತವೆ. ಅವು ಕೂಡಲೇ ಸಾಯುವುದೂ ಇಲ್ಲ. ಕೆಲವು ಹೊತ್ತು ಕೋಶಗಳು ಜೀವಂತವಾಗಿಯೇ ಇರುತ್ತವೆ, ಆದರೆ ಒಡೆಯುವುದಿಲ್ಲ. ಕೀ ಮುಗಿದ ಗಡಿಯಾರದ ಹಾಗೆ ಸುಮ್ಮನೆ ನಿಂತಿರುತ್ತವೆ.

ಯಾಕೆ? ಕಾರಣಗಳು ಹಲವು. ಕೆಲವು ಸಲ ಬುತ್ತಿಯೇ ಸರಿ ಇರುವುದಿಲ್ಲ. ಬುತ್ತಿ ಕಟ್ಟುವುದಕ್ಕೂ ಕೆಲವು ಜೀನ್‌ಗಳು ಬೇಕು. ಅವುಗಳಲ್ಲಿ ಅಕ್ಷರದೋಷ ಇದ್ದರೆ ಭ್ರೂಣ ಮತ್ತೆ ಮತ್ತೆ ಮೊದಲ ದಿನಗಳಲ್ಲೇ ನಿಲ್ಲುತ್ತದೆ. ಇನ್ನು ಕೆಲವು ಸಲ ಹಳೆಯ ಚೀಟಿ ಹೋಗುವುದಿಲ್ಲ, ಹೊಸ ಪುಸ್ತಕ ತೆರೆಯುವುದಿಲ್ಲ.

ಬಹಳ ಸಾಮಾನ್ಯವಾದ ಕಾರಣ ಇನ್ನೊಂದು: ಸಂಪುಟಗಳ ಲೆಕ್ಕ ತಪ್ಪುವುದು. ಕೋಶ ಒಡೆಯುವಾಗಲೆಲ್ಲ 46 ಸಂಪುಟಗಳನ್ನೂ ನಕಲು ಮಾಡಿ ಎರಡೂ ಕಡೆಗೆ ಸಮವಾಗಿ ಹಂಚಬೇಕು. ಮೊದಲ ದಿನಗಳಲ್ಲಿ ಕೆಲಸ ಬಿರುಸು, ತಪಾಸಣೆ ಸಡಿಲ. ಒಂದು ಕಡೆ 45, ಇನ್ನೊಂದು ಕಡೆ 47 ಆಗಿಬಿಡಬಹುದು. ಅಂಡಾಣುವೋ ವೀರ್ಯಾಣುವೋ ತಯಾರಾಗುವಾಗಲೇ ಈ ತಪ್ಪು ಆಗಿರಬಹುದು. ತಮಾಷೆ ಎಂದರೆ, ಲೆಕ್ಕ ತಪ್ಪಿದ ಭ್ರೂಣವೂ ಮೊದಲ ಎರಡು ದಿನ ಎಲ್ಲದರಂತೆಯೇ ಚೆನ್ನಾಗಿ ಬೆಳೆಯಬಹುದು. ಯಾಕೆ ಹೇಳಿ? ಅದಿನ್ನೂ ಅಮ್ಮನ ಚೀಟಿ ನೋಡಿ ಕೆಲಸ ಮಾಡುತ್ತಿದೆ! ತನ್ನ ಪುಸ್ತಕ ತೆರೆದಾಗ ತಾನೇ ಸಂಪುಟ ಹೆಚ್ಚು ಕಡಿಮೆ ಆಗಿರುವುದು ಬಾಧಿಸುವುದು?

ಲೆಕ್ಕ ತಪ್ಪಿದವೆಲ್ಲ ನಿಂತೇ ಹೋಗುತ್ತವೆ ಎಂದೂ ಅಲ್ಲ. 21ನೆಯ ಸಂಪುಟ ಒಂದು ಹೆಚ್ಚಿದ್ದೂ ಹುಟ್ಟಿ ಬೆಳೆದು ಶಾಲೆಗೆ ಬರುವ ಮಕ್ಕಳಿದ್ದಾರೆ. ಅದಕ್ಕೆ ಡೌನ್ ಸಿಂಡ್ರೋಮ್ ಎನ್ನುತ್ತಾರೆ. ಅಂಥ ಗೆಳೆಯರು ನಿಮ್ಮ ಶಾಲೆಯಲ್ಲಿದ್ದರೆ ಒಂದು ಮಾತು ನೆನಪಿಡಿ: ಎಷ್ಟು ಕಷ್ಟದ ದಾರಿ ದಾಟಿ ಬಂದವರು ಅವರು! ಆಟಕ್ಕೆ ಮೊದಲು ಅವರನ್ನೇ ಕರೆಯಿರಿ.

ಅಜ್ಜ ಅಜ್ಜಿಯರಿಗೆ ಒಂದು ಮಾತು

ಹಿರಿಯರೇ, ಇದು ನಿಮಗಾಗಿ.

ಮನೆಯಲ್ಲಿ ಮಗಳಿಗೋ ಸೊಸೆಗೋ ಎರಡು ಮೂರು ತಿಂಗಳಲ್ಲಿ ಬಸಿರು ನಿಲ್ಲದೆ ಹೋದಾಗ ನಾವು ಏನೇನು ಮಾತಾಡುತ್ತೇವೆ! ಗ್ರಹಣದಲ್ಲಿ ಹೊರಗೆ ಬಂದಳು, ಮೆಟ್ಟಿಲು ಹತ್ತಿದಳು, ಕೊಡ ಎತ್ತಿದಳು, ಸ್ಕೂಟರಿನಲ್ಲಿ ಹೋದಳು, ಹೇಳಿದ ಮಾತು ಕೇಳಲಿಲ್ಲ. ಪಾಪ, ಆ ಹುಡುಗಿಯೂ ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತಾಳೆ: ನಾನು ಏನು ತಪ್ಪು ಮಾಡಿದೆ?

ಮೊದಲ ಮೂರು ತಿಂಗಳಲ್ಲಿ ಹೀಗಾದಾಗ ವೈದ್ಯರು ಪರೀಕ್ಷಿಸಿ ನೋಡಿದ್ದಾರೆ. ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಕಂಡದ್ದು ಇದೇ ಸಂಪುಟಗಳ ಲೆಕ್ಕದ ತಪ್ಪು. ಆ ತಪ್ಪು ಆಗಿಹೋಗಿರುವುದು ಯಾವಾಗ? ಅಂಡಾಣು ವೀರ್ಯಾಣು ತಯಾರಾಗುವಾಗ, ಇಲ್ಲವೇ ಮೊದಲ ಕೆಲವು ದಿನಗಳಲ್ಲಿ. ಆಗ ತಾನು ಬಸುರಿ ಎಂಬುದೇ ಅವಳಿಗೆ ಗೊತ್ತಿರುವುದಿಲ್ಲ. ಎರಡು ತಿಂಗಳ ನಂತರ ಹತ್ತಿದ ಮೆಟ್ಟಿಲು ಮೊದಲ ದಿನದ ಲೆಕ್ಕವನ್ನು ಹೇಗೆ ತಪ್ಪಿಸೀತು? ಗ್ರಹಣದ ನೆರಳಿಗೆ 46ನ್ನು 47 ಮಾಡುವ ಶಕ್ತಿ ಇಲ್ಲ.

ಇನ್ನೊಂದು ಸಂಗತಿ ಕೇಳಿ. ಹೆಣ್ಣುಮಗುವಿನ ಅಂಡಾಣುಗಳು ಅವಳು ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಂಡಿರುತ್ತವೆ. ಅಂದರೆ ನಿಮ್ಮ ಮೊಮ್ಮಗುವಾಗಿ ಬೆಳೆದ ಆ ಚುಕ್ಕೆ, ಅದರ ಅಮ್ಮನ ಅಮ್ಮನ ಗರ್ಭದೊಳಗೆ ಒಂದು ಕಾಲಕ್ಕೆ ಇತ್ತು. ಅಲ್ಲಿಂದ ಇಪ್ಪತ್ತು, ಮೂವತ್ತು ವರ್ಷ ಅದು ಸುಮ್ಮನೆ ಕಾದಿತ್ತು. ಅಷ್ಟು ವರ್ಷ ಜೋಡಿಸಿಟ್ಟ ಸಂಪುಟಗಳನ್ನು ಬೇರ್ಪಡಿಸುವಾಗ ಒಂದು ಜಾರುವುದು ಯಾರ ಅಪರಾಧವೂ ಅಲ್ಲ. ತಾಯಿಯ ವಯಸ್ಸು ಹೆಚ್ಚಿದಂತೆ ಹೀಗೆ ಜಾರುವುದು ಹೆಚ್ಚುತ್ತದೆ, ಅಷ್ಟೆ.

ಹಾಗೆಂದು ಆರೈಕೆ ಬೇಡ ಎಂದಲ್ಲ. ವೈದ್ಯರು ಹೇಳಿದ ಮಾತ್ರೆ, ಊಟ, ವಿಶ್ರಾಂತಿ ಬೇಕೇ ಬೇಕು. ಮತ್ತೆ ಮತ್ತೆ ಹೀಗಾದರೆ ಗಂಡ ಹೆಂಡತಿ ಇಬ್ಬರೂ ಹೋಗಿ ತೋರಿಸಿಕೊಳ್ಳಬೇಕು. ಥೈರಾಯ್ಡ್, ಸಕ್ಕರೆ ಕಾಯಿಲೆ ಮುಂತಾದ ಕಾರಣಗಳೂ ಇರಬಹುದು, ಅವಕ್ಕೆ ಔಷಧಿ ಇದೆ. ಬೇಡವಾದದ್ದು ದೂರು ಮಾತ್ರ. ಅವಳ ಪಕ್ಕ ಕುಳಿತು, 'ನಿನ್ನಿಂದ ಏನೂ ಆಗಿಲ್ಲ ಕಣಮ್ಮ' ಎಂದು ಹೇಳಬೇಕಾದವರು ಮನೆಯ ಹಿರಿಯರು. ನೀವು ಹೇಳಿದರೆ ಅವಳು ನಂಬುತ್ತಾಳೆ.

ಮಾಡಿ ನೋಡಿ

ಇಪ್ಪತ್ತು ಅಲಸಂದೆ ಕಾಳು ತೆಗೆದುಕೊಳ್ಳಿ. ಒಂದು ರಾತ್ರಿ ನೆನೆಸಿ, ಮಣ್ಣು ತುಂಬಿದ ಡಬ್ಬಿಗಳಲ್ಲಿ ನೆಡಿ. ದಿನಾ ಸ್ವಲ್ಪ ನೀರು ಚಿಮುಕಿಸಿ. ಎಷ್ಟು ಮೊಳೆತವು, ಎಷ್ಟು ಮೊಳೆಯಲಿಲ್ಲ ಎಂದು ಬರೆದಿಡಿ.

ಮೊಳಕೆ ಮೇಲೆದ್ದಾಗ ಅದರ ಜೊತೆ ಎರಡು ದಪ್ಪ ಬೇಳೆಗಳೂ ಮೇಲೆ ಬರುತ್ತವೆ. ಅವು ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಮೂರು ಸಸಿಗಳಲ್ಲಿ ಆ ಬೇಳೆಗಳನ್ನು ಮೇಲೆ ಬಂದ ಕೂಡಲೇ ಮೆಲ್ಲಗೆ ಕಿತ್ತುಬಿಡಿ. ಇನ್ನು ಮೂರರಲ್ಲಿ ಹಸಿರು ಎಲೆಗಳು ಚೆನ್ನಾಗಿ ಅರಳಿದ ಮೇಲೆ ಕೀಳಿ. ಉಳಿದವನ್ನು ಮುಟ್ಟಬೇಡಿ. ಹತ್ತು ದಿನ ಬಿಟ್ಟು ಮೂರು ಗುಂಪುಗಳ ಎತ್ತರ ಅಳೆಯಿರಿ. ಬುತ್ತಿ ಬೇಗ ಕಳೆದುಕೊಂಡ ಸಸಿ ಹೇಗಿದೆ? ತನ್ನ ಎಲೆ ಬಿಟ್ಟ ಮೇಲೆ ಬುತ್ತಿ ಕಳೆದುಕೊಂಡದ್ದು ಹೇಗಿದೆ? ಕಾಳಿನ ಬೇಳೆಯಲ್ಲಿ ಹೆಚ್ಚಾಗಿ ಇರುವುದು ಆಹಾರ, ಮನುಷ್ಯನ ಅಂಡಾಣುವಿನ ಬುತ್ತಿಯಲ್ಲಿ ಮುಖ್ಯವಾದದ್ದು ಚೀಟಿಗಳು. ವ್ಯತ್ಯಾಸ ಇದೆ. ಆದರೆ ತನ್ನ ಕಾಲ ಮೇಲೆ ನಿಲ್ಲುವವರೆಗೆ ಅಮ್ಮನ ಬುತ್ತಿ ಬೇಕು ಎಂಬ ನಿಯಮ ಎರಡಕ್ಕೂ ಒಂದೇ.

ಲೆಕ್ಕದ ಉತ್ತರ: 12 ಸಲ. ಹನ್ನೆರಡನೆಯ ಸಲ ಒಡೆದಾಗ 4,096 ಕೋಶಗಳಾಗುತ್ತವೆ.